ಚಿವುಟಿದ ಪ್ರತಿ

ಸುಮಾರು ಮೂವತ್ತು ವರ್ಷಗಳಿಂದ ನಾನು ತಂಬೂರಿ ಕಥೆಗಳನ್ನು ರೆಕಾರ್ಡ್ ಮಾಡಿಕೊಳ್ಳುತ್ತ ಬಂದಿದ್ದೇನೆ. ಮೊದಲು ತೊಡೆಯ ಮೇಲಿಟ್ಟುಕೊಳ್ಳುವ ಟೇಪ್ ರೆಕಾರ್ಡರ್ ಇತ್ತು, ಆಮೇಲೆ ಅಂಗೈಯಗಲದ ಒಂದು ಯಂತ್ರ ಬಂತು, ಈಗ ಮೊಬೈಲು. ಹಗಲು ಯಳಂದೂರಿನ ಒಂದು ಕಚೇರಿಯಲ್ಲಿ ಫೈಲು ಕಟ್ಟುವ ಬಿಚ್ಚುವ ಕೆಲಸ, ಮನೆ ಕೊಳ್ಳೇಗಾಲದಲ್ಲಿ. ನನಗೆ ಮದುವೆಯಾಗಿದ್ದರೆ ಈ ಹುಚ್ಚು ಹಿಡಿಯುತ್ತಿರಲಿಲ್ಲ ಎಂದು ನನ್ನ ತಂಗಿ ಹೇಳುತ್ತಾಳೆ. ಅವಳ ಗಂಡನನ್ನು ಹತ್ತಿರದಿಂದ ನೋಡಿದ ಮೇಲೆ ನನಗೆ ಹಾಗೇನೂ ಅನ್ನಿಸಿಲ್ಲ.

ನಮ್ಮ ಕಡೆ ತಿಥಿಗೋ ಹರಕೆಗೋ ಕಥೆ ಮಾಡಿಸುತ್ತಾರೆ. ಒಬ್ಬರು ತಂಬೂರಿ ಹಿಡಿದು ದೇವರ ಕಥೆ ಹಾಡುತ್ತಾರೆ, ಇಬ್ಬರು ಮೂವರು ಹಿಂದೆ ಕೂತು ತಾಳ ಹಾಕಿ ದನಿಗೂಡಿಸುತ್ತಾರೆ. ದೀಪ ಹಚ್ಚುವ ಹೊತ್ತಿಗೆ ಶುರುವಾದದ್ದು ಬೆಳಕು ಹರಿಯುವಾಗ ಮುಗಿಯುತ್ತದೆ. ಹೆಂಗಸರಿಗೆ ಮುಂದಿನ ಸಾಲು. ಗಂಡಸರು ಹಿಂದೆ ಗೋಡೆಗೆ ಒರಗಿ ಬೀಡಿ ಸೇದುತ್ತಾರೆ. ಹಾಗಾಗಿ ಗಂಡಸರು ಮಾಡಿದ ರೆಕಾರ್ಡುಗಳಲ್ಲಿ ಅರ್ಧ ಕೆಮ್ಮು, ಇನ್ನರ್ಧ ಜಮೀನಿನ ಜಗಳ. ನನ್ನದರಲ್ಲಿ ಹಾಡುವವರು ಉಸಿರು ತೆಗೆದುಕೊಳ್ಳುವುದೂ ಕೇಳಿಸುತ್ತದೆ. ಇದು ಜಂಭದ ಮಾತು ಎಂದು ನನಗೆ ಗೊತ್ತು, ಆದರೂ ನಿಜ.

ಈ ಹುಚ್ಚು ಹಿಡಿದವರು ನಮ್ಮ ಸೀಮೆಯಲ್ಲಿ ಹತ್ತು ಮಂದಿ ಇರಬಹುದು. ಹೆಂಗಸು ಅಂದರೆ ನಾನೊಬ್ಬಳೇ. ನಮ್ಮಲ್ಲಿ ಯಾರೂ ಪುಕ್ಕಟೆ ಕೊಡುವುದಿಲ್ಲ, ಮಾರುವುದೂ ಇಲ್ಲ. ಒಂದು ರಾತ್ರಿಯ ಕಥೆ ಕೊಟ್ಟರೆ ಒಂದು ರಾತ್ರಿಯ ಕಥೆ ಸಿಗುತ್ತದೆ, ಅಷ್ಟೇ ವ್ಯವಹಾರ. ಕೊಡುವ ಮುಂಚೆ ಅದನ್ನು ಚಿವುಟುತ್ತೇವೆ. ಅಂದರೆ, ಬರೀ ತಂಬೂರಿ ಮೀಟುವ ಕಡೆ ಹತ್ತು ಹನ್ನೆರಡು ಸೆಕೆಂಡು ಕತ್ತರಿಸಿ ತೆಗೆಯುವುದು. ಯಾರಿಗೆ ಕೊಟ್ಟ ಪ್ರತಿಯಲ್ಲಿ ಎಲ್ಲಿ ಚಿವುಟಿದ್ದೇವೆ ಎಂದು ಒಂದು ನೋಟ್‌ಬುಕ್ಕಿನಲ್ಲಿ ಬರೆದಿಡುತ್ತೇವೆ. ನಾಳೆ ಆ ರೆಕಾರ್ಡು ಇನ್ಯಾರದೋ ಫೋನಿನಲ್ಲಿ ಕೇಳಿಸಿದರೆ, ಚಿವುಟಿದ ಜಾಗ ನೋಡಿ ಕಳ್ಳ ಯಾರು ಅಂತ ಹಿಡಿಯಬಹುದು. ಕಥೆಯ ಮಾತನ್ನು ಮಾತ್ರ ಮುಟ್ಟಬಾರದು. ಮುಟ್ಟಿದವರ ಜೊತೆ ಯಾರೂ ಅದಲು ಬದಲು ಮಾಡುವುದಿಲ್ಲ. ಅಂಥವರೊಬ್ಬರು ಹನೂರಿನಲ್ಲಿದ್ದರು. ಅವರನ್ನು ನಾವೆಲ್ಲ ಸೇರಿ ಎಷ್ಟು ದೂರ ಇಟ್ಟೆವೆಂದರೆ, ಕೊನೆಗೆ ಅವರು ಟಿವಿ ನೋಡಲು ಶುರುಮಾಡಿದರು.

ಶಾಗ್ಯದಲ್ಲಿ ಒಬ್ಬ ಹಾಡುಗಾರರಿದ್ದರು. ನನ್ನ ಪೆಟ್ಟಿಗೆಯಲ್ಲಿರುವ ರೆಕಾರ್ಡುಗಳಲ್ಲಿ ಅರ್ಧಕ್ಕರ್ಧ ಅವರವೇ. ಅವರ ಗಂಟಲು ಕೇಳಿ ನಾನು ಹಾಳಾದೆ ಅಂದರೂ ತಪ್ಪಿಲ್ಲ. ಬೆಟ್ಟದ ದೇವರು ಜಂಗಮನ ವೇಷದಲ್ಲಿ ಉಪ್ಪು ಮಾರುವವಳ ಮನೆಗೆ ಭಿಕ್ಷಕ್ಕೆ ಬರುವ ಕಥೆಯನ್ನು ಅವರ ಹಾಗೆ ಯಾರೂ ಹಾಡುತ್ತಿರಲಿಲ್ಲ. ಉಪ್ಪಿನವಳು ಸಿಟ್ಟಿನಿಂದ ಬಾಗಿಲು ಹಾಕಿಕೊಳ್ಳುತ್ತಾಳೆ. ಬೇರೆಯವರ ಕಥೆಯಲ್ಲಿ ದೇವರು ಹೊರಗೆ ನಿಂತು ಹೆದರಿಸುತ್ತಾನೆ, ಬಾಗಿಲು ತೆರೆದುಕೊಳ್ಳುತ್ತದೆ. ಇವರ ಮನೆತನದ ಕಥೆಯಲ್ಲಿ ಹಾಗಲ್ಲ. ಅವಳು ಒಳಗಿನಿಂದ ಒಂದೊಂದೇ ಪ್ರಶ್ನೆ ಕೇಳುತ್ತಾಳೆ, ನನ್ನ ಮಕ್ಕಳನ್ನು ಯಾಕೆ ಕಿತ್ತುಕೊಂಡೆ ಅನ್ನುತ್ತಾಳೆ. ದೇವರು ಹೊಸ್ತಿಲ ಹೊರಗೆ ಕೂತು ತಪ್ಪಾಯಿತು ಅನ್ನುತ್ತಾನೆ. ಹನ್ನೆರಡು ನಿಮಿಷದ ಹಾಡು. ಅಷ್ಟು ಹೊತ್ತೂ ಮುಂದಿನ ಸಾಲಿನ ಹೆಂಗಸರು ಸೆರಗು ಬಾಯಿಗಿಟ್ಟುಕೊಂಡು ಕೂತಿರುತ್ತಿದ್ದರು, ನಾನೂ ಕೂಡ.

ಈ ಕಥೆಯನ್ನು ಅವರು ಕೊನೆಯ ಸಲ ಹಾಡಿದ್ದು ಅಜ್ಜೀಪುರದ ಒಂದು ತಿಥಿಯಲ್ಲಿ. ಅವತ್ತು ಹನೂರಿನಲ್ಲಿ ಆರ್ಕೆಸ್ಟ್ರಾ ಇತ್ತು. ನಮ್ಮ ಹತ್ತು ಮಂದಿಯಲ್ಲಿ ಒಂಬತ್ತು ಮಂದಿ ಅತ್ತ ಓಡಿದ್ದರು. ರೆಕಾರ್ಡ್ ಮಾಡಿದವಳು ನಾನೊಬ್ಬಳೇ. ಅದಕ್ಕೆ ಮುಂಚೆ ಈ ಕಥೆ ಯಾರಿಗೂ ಪೂರ್ತಿ ಸಿಕ್ಕಿರಲಿಲ್ಲ, ಟೇಪು ಮುಗಿದೋ ಬ್ಯಾಟರಿ ಸತ್ತೋ ಅರ್ಧಕ್ಕೇ ನಿಂತಿತ್ತು. ಆಮೇಲೆ ಮೂರು ತಿಂಗಳಿಗೆ ಅವರು ತೀರಿಕೊಂಡರು. ಸುದ್ದಿ ಕೇಳಿ ಅತ್ತೆ. ಅತ್ತು ಮುಗಿಸಿ ಮುಖ ತೊಳೆಯುವಾಗ, ಪೂರ್ತಿ ಕಥೆ ಇರುವುದು ಈಗ ನನ್ನೊಬ್ಬಳ ಹತ್ತಿರ ಎಂಬ ಯೋಚನೆ ಬಂತು. ಖುಷಿಯಾಯಿತು ಎಂದು ಒಪ್ಪಿಕೊಳ್ಳುತ್ತೇನೆ.

ಅವರ ಮಗಳು ನನ್ನ ಕಚೇರಿಗೆ ಬಂದದ್ದು ಅವರು ಸತ್ತು ಎರಡು ತಿಂಗಳಾದ ಮೇಲೆ. ಮೂವತ್ತರ ಆಸುಪಾಸಿನ ಹೆಂಗಸು, ಶಾಗ್ಯದಲ್ಲೇ ಮದುವೆಯಾದವಳು. ಮೇಜಿನ ಮುಂದೆ ನಿಂತು ನೇರ ವಿಷಯಕ್ಕೆ ಬಂದಳು.

"ನಮ್ಮಪ್ಪನ ಕತೆ ನಿಮ್ತಾವ್ ಅದಂತಲ್ಲ ಮೇಡಮ್ಮೋರೆ, ಕೊಡಿ. ವರ್ಸದ ತಿಥಿಗೆ ಆಡ್ಬೇಕು."

ವಿಷಯ ಇಷ್ಟು. ಅವರ ಕುಲದಲ್ಲಿ ಹಾಡುಗಾರ ಸತ್ತರೆ ಅವನ ತಂಬೂರಿಯನ್ನು ವರ್ಷದವರೆಗೆ ಮನೆಯ ತೊಲೆಗೆ ನೇತುಹಾಕುತ್ತಾರೆ. ವರ್ಷದ ತಿಥಿಯ ದಿನ, ಕುಲದ ಹಿರಿಯರ ಮುಂದೆ ಆ ಮನೆಯ ಕಥೆಯನ್ನು ಯಾರು ಎಲ್ಲೂ ತಪ್ಪದೆ ಹಾಡುತ್ತಾರೋ ಅವರಿಗೆ ತಂಬೂರಿ ಇಳಿಸಿ ಕೊಡುತ್ತಾರೆ. ತಂಬೂರಿಯ ಜೊತೆ ಸತ್ತವರು ಹಾಡುತ್ತಿದ್ದ ಊರುಗಳೂ ಸೇರುತ್ತವೆ. ಹಾಡುಗಾರರಿಗೆ ಗಂಡುಮಕ್ಕಳಿರಲಿಲ್ಲ. ತಮ್ಮನ ಮಗ ಹಿಂದೆ ಕೂತು ತಾಳ ಹಾಕುತ್ತಿದ್ದ, ತಂಬೂರಿ ತನಗೇ ಅಂದುಕೊಂಡಿದ್ದ. ಮಗಳನ್ನು ಅವರು ಒಂದು ದಿನವೂ ಕಥೆಗೆ ಕರೆದುಕೊಂಡು ಹೋಗಿರಲಿಲ್ಲ. ಆದರೆ ಗಂಟಲು ಬಂದಿದ್ದು ಮಗಳಿಗೆ. ನನ್ನ ಮೇಜಿನ ಮುಂದೆ ನಿಂತು, ಫ್ಯಾನಿನ ಸದ್ದಿನ ನಡುವೆ, ಅವಳು ಎರಡು ಸಾಲು ಹಾಡಿ ತೋರಿಸಿದಳು. ಪಕ್ಕದ ಮೇಜಿನವರು ಬರೆಯುವುದನ್ನು ನಿಲ್ಲಿಸಿದರು.

ಸಂತೋಷಪಡಬೇಕಾಗಿತ್ತು. ನನಗೆ ಹೊಟ್ಟೆಯೊಳಗೆ ಉರಿ ಬಿತ್ತು. ಮೂವತ್ತು ವರ್ಷ ಚಳಿಯಲ್ಲಿ ಕೂತು ಕೇಳಿದವಳು ನಾನು. ಇವಳು ಒಂದು ರಾತ್ರಿ ನಿದ್ದೆಗೆಟ್ಟಿಲ್ಲ, ಬದಲಿಗೆ ಕೊಡಲು ಒಂದು ರೆಕಾರ್ಡೂ ಇಲ್ಲ, "ಕೊಡಿ" ಅನ್ನುತ್ತಾಳೆ. ದಯವಿಟ್ಟು ಅಂತಲೂ ಇಲ್ಲ. ಕೊಡುತ್ತೇನೆ, ಮುಂದಿನ ವಾರ ಬಾ ಅಂದೆ.

ಆ ಭಾನುವಾರ ಕಂಪ್ಯೂಟರಿನ ಮುಂದೆ ಕೂತು ಅವಳ ಪ್ರತಿ ತಯಾರು ಮಾಡಿದೆ. ತಂಬೂರಿ ಮೀಟುವ ಕಡೆ ಚಿವುಟಲಿಲ್ಲ. ಉಪ್ಪಿನವಳು ಬಾಗಿಲು ಹಾಕಿಕೊಂಡಲ್ಲಿಂದ ಬಾಗಿಲು ತೆಗೆಯುವವರೆಗೆ, ಹನ್ನೆರಡು ನಿಮಿಷವನ್ನೂ ತೆಗೆದುಬಿಟ್ಟೆ. ಎರಡು ತುದಿಗಳಲ್ಲೂ ಶ್ರುತಿ ಒಂದೇ ಆಗಿತ್ತು, ಕೂಡಿಸಿದ್ದು ನನಗೇ ಕೇಳಿಸದಷ್ಟು ಚೆನ್ನಾಗಿ ಕೂಡಿಕೊಂಡಿತು. ಕೆಲಸ ಚೊಕ್ಕಟವಾಯಿತು ಅಂತ ಕಾಫಿ ಮಾಡಿಕೊಂಡು ಕುಡಿದೆ. ಅವಳು ಸೋಲಲಿ ಅಂತ ಮಾಡಿದೆನೇ ಎಂದು ಕೇಳಿದರೆ, ಅಷ್ಟು ದೂರ ಯೋಚಿಸಿರಲಿಲ್ಲ. ಆ ಹನ್ನೆರಡು ನಿಮಿಷ ನನ್ನವಾಗಿ ಉಳಿಯಲಿ ಅಂತ ಇತ್ತು.

ಅವಳು ಮೆಮೊರಿ ಕಾರ್ಡು ತೆಗೆದುಕೊಂಡು ಹೋದಳು. ರೇಷ್ಮೆ ನೂಲು ಬಿಚ್ಚುವ ಕೆಲಸಕ್ಕೆ ಹೋಗುತ್ತಿದ್ದಳಂತೆ. ಅಲ್ಲಿ ಬಿಸಿನೀರಿನ ತೊಟ್ಟಿಯ ಮುಂದೆ ಕೂತು, ಕಿವಿಗೆ ವೈರು ಸಿಕ್ಕಿಸಿಕೊಂಡು ಇಡೀ ಕಥೆಯನ್ನು ಬಾಯಿಪಾಠ ಮಾಡಿದಳು. ಎರಡು ತಿಂಗಳ ಮೇಲೆ ಫೋನ್ ಮಾಡಿದಳು.

"ಮೇಡಮ್ಮೋರೆ, ಉಪ್ನೋಳು ಬಾಗ್ಲಾಕಂಡ್ ಮ್ಯಾಲೆ ಏನೋ ಬುಟ್ಟೋದಂಗೆ ಅದೆ ಕಣ್ರಿ. ಆಚ್ಗಿದ್ದ ದೇವ್ರು ಒಂದೇ ಸಲ ಒಳ್ಗೆ ಉಣ್ತಾ ಕೂತವ್ನೆ. ಎಂಗ್ ಬಂದ?"

ಅವಳ ಕಿವಿ ಎಷ್ಟು ಚುರುಕು ಎಂದು ಆಶ್ಚರ್ಯವಾಯಿತು. ಹೇಳಿಬಿಡಲು ಅದೊಂದು ಅವಕಾಶವಿತ್ತು. ಅವಳು ಬೇರೆ ಯಾರನ್ನೂ ಕೇಳುವ ಹಾಗಿರಲಿಲ್ಲ. ಹಿರಿಯರು ಪರೀಕ್ಷೆ ಮಾಡುವವರು, ಹೇಳಿಕೊಡುವ ಹಾಗಿಲ್ಲ. ದಾಯಾದಿಯನ್ನು ಕೇಳಿದರೆ ಅವನು ಹೇಳುತ್ತಾನೆಯೇ.

"ನಿಮ್ಮಪ್ಪ ಹಾಡಿದ್ದೇ ಅಷ್ಟಮ್ಮ" ಅಂದೆ.

"ಅಂಗಾದ್ರೆ ಸರಿ ಬುಡಿ. ಅಪ್ಪ ಆಡಿದ್ದೇ ಸರಿ ಇರ್ತದೆ" ಅಂದಳು.

ವರ್ಷದ ತಿಥಿಗೆ ನಾನೂ ಶಾಗ್ಯಕ್ಕೆ ಹೋದೆ. ನಮ್ಮವರಲ್ಲಿ ಆರೇಳು ಮಂದಿ ಬಂದಿದ್ದರು. ಪಾಲಾರಿನಲ್ಲಿ ಟೀ ಅಂಗಡಿ ಇಟ್ಟವರೂ ಬಂದಿದ್ದರು. ಅರ್ಧ ತಮಿಳು ಅರ್ಧ ಕನ್ನಡ ಮಾತಾಡುವ ಅವರು ನಮ್ಮಲ್ಲೆಲ್ಲ ದೊಡ್ಡ ಸಂಗ್ರಹದವರು. ಎಡೆ ಇಟ್ಟು ಊಟ ಮುಗಿದ ಮೇಲೆ, ಮಟಮಟ ಮಧ್ಯಾಹ್ನ ಪೆಂಡಾಲಿನ ಕೆಳಗೆ ಹಿರಿಯರು ಐದು ಮಂದಿ ಚಾಪೆಯ ಮೇಲೆ ಕೂತರು. ಒಬ್ಬರು ಹಾಡುವುದು ಇನ್ನೊಬ್ಬರಿಗೆ ಕೇಳಿಸಬಾರದು ಎಂದು ಅವಳನ್ನು ಊರಾಚೆಯ ಗುಡಿಗೆ ಕಳಿಸಿದರು, ಮೊದಲು ತಮ್ಮನ ಮಗ ಹಾಡಿದ. ಶ್ರುತಿ ಒಂದು ಕಡೆ, ಅವನೊಂದು ಕಡೆ. ಆದರೆ ಇಪ್ಪತ್ತು ವರ್ಷ ಹಿಂದೆ ಕೂತು ಕೇಳಿದವನು, ಕಥೆಯಲ್ಲಿ ಒಂದು ಮಾತೂ ಬಿಡಲಿಲ್ಲ.

ಆಮೇಲೆ ಅವಳನ್ನು ಕರೆಸಿದರು. ಶುರುವಾಗಿ ಐದು ನಿಮಿಷಕ್ಕೆ ಹಿರಿಯರಲ್ಲಿ ಒಬ್ಬರು ಪಂಚೆಯ ತುದಿಯಿಂದ ಕಣ್ಣೊರೆಸಿಕೊಂಡರು. ಸತ್ತವರೇ ಎದ್ದು ಬಂದು ಹಾಡುತ್ತಿದ್ದ ಹಾಗಿತ್ತು. ಪಾತ್ರೆ ತೊಳೆಯುತ್ತಿದ್ದ ಹೆಂಗಸರು ಕೈ ಒದ್ದೆಯಲ್ಲೇ ಬಂದು ಕೂತರು. ನಾನು ಮುಂದಿನ ಸಾಲಿನಲ್ಲಿ ಮೊಬೈಲು ಹಿಡಿದು ಕೂತಿದ್ದೆ. ಬಾಗಿಲು ಹಾಕಿಕೊಳ್ಳುವ ಸಾಲು ಬಂತು. ಅವಳು ಬಾಗಿಲು ಹಾಕಿದಳು, ಮರುಸಾಲಿಗೇ ದೇವರಿಗೆ ಅನ್ನ ಬಡಿಸಿದಳು. ಹಿರಿಯರಲ್ಲಿ ದೊಡ್ಡವರು ಕೈಯೆತ್ತಿದರು. ತಾಳ ನಿಂತಿತು.

"ಬಾಗ್ಲು ತೆಗ್ಸಿದ್ ಯಾರವ್ವ?" ಎಂದು ಕೇಳಿದರು. ಬೈಗುಳ ಇರಲಿಲ್ಲ, ಮೆತ್ತಗೇ ಕೇಳಿದರು.

"ಅಪ್ಪ ಆಡಿದ್ದೇ ಅಷ್ಟು" ಅಂದಳು.

"ನಾವ್ ನಲ್ವತ್ ವರ್ಸ ಕೇಳಿದ್ದೀವಿ ಕಣವ್ವ. ಈ ಮನೆ ಕತೆ ಇರೋದೇ ಆ ಬಾಗ್ಲಲ್ಲಿ."

"ಕೊನೇ ಸಲ ಆಡಿದ್ದು ರೆಕಾರ್ಡ್ ಅದೆ. ಮೇಡಮ್ಮೋರ್ನೇ ಕೇಳಿ" ಎಂದು ನನ್ನ ಕಡೆ ತಿರುಗಿದಳು.

ಎಲ್ಲರೂ ನನ್ನನ್ನು ನೋಡಿದರು. ನಾನು ನೋಡಿದ್ದು ಪಾಲಾರಿನವರನ್ನು. ಕಥೆಯ ಮಾತಿಗೆ ಕತ್ತರಿ ಹಾಕಿದವಳು ಎಂದು ತಿಳಿದರೆ ಆ ಹೊತ್ತಿಗೇ ನನ್ನ ಕಥೆ ಮುಗಿಯುತ್ತಿತ್ತು, ಹನೂರಿನವರ ಹಾಗೆ ನಾನೂ ಟಿವಿ ನೋಡಬೇಕಾಗುತ್ತಿತ್ತು. "ನನ್ನ ಹತ್ತಿರ ಇರುವುದನ್ನೇ ಇವರಿಗೂ ಕೊಟ್ಟಿದ್ದೇನೆ" ಅಂದೆ. ದನಿ ನಡುಗಲಿಲ್ಲ. ಎಷ್ಟಾದರೂ ಸರ್ಕಾರಿ ಕಚೇರಿಯಲ್ಲಿ ಕೆಲಸ ಮಾಡುವವಳು.

ಹಿರಿಯರು ತಮ್ಮತಮ್ಮಲ್ಲೇ ಮಾತಾಡಿಕೊಂಡರು. "ಕೊನೆಕೊನೇಲಿ ಅವನ್ಗೂ ಮರ್ವು ಬಂದಿತ್ತು ಅಂತ ಕಾಣ್ತದೆ ಕಣ್ಲಾ" ಎಂದು ಒಬ್ಬರು ಹೇಳಿದ್ದು ಸ್ಪಷ್ಟವಾಗಿ ಕೇಳಿಸಿತು. ಅವಳಿಗೂ ಕೇಳಿಸಿತು. ಅಪ್ಪನಿಗೆ ಮರೆವು ಇರಲಿಲ್ಲ ಅನ್ನಲು ಅವಳು ಬಾಯಿ ತೆರೆದಳು. ಅಪ್ಪನಿಗೆ ಮರೆವು ಇರದಿದ್ದರೆ ತಪ್ಪಿದ್ದು ತಾನು ಎಂದಾಗುತ್ತದೆ, ತಾನು ತಪ್ಪದಿದ್ದರೆ ಅಪ್ಪನಿಗೆ ಮರೆವು. ಅವಳು ಬಾಯಿ ಮುಚ್ಚಿದಳು. ತೊಲೆಯಿಂದ ತಂಬೂರಿ ಇಳಿಸಿ ತಮ್ಮನ ಮಗನಿಗೆ ಕೊಟ್ಟರು. ಅವನು ಅದನ್ನು ಕಣ್ಣಿಗೊತ್ತಿಕೊಂಡ. ಅವಳು ಎದ್ದು ಹೋಗಿ ಹೆಂಗಸರ ಜೊತೆ ಪಾತ್ರೆ ತೊಳೆಯಲು ಕೂತಳು. ಇದೆಲ್ಲ ನನ್ನ ಮೊಬೈಲಿನಲ್ಲಿದೆ, ಸದ್ದು ಬಹಳ ಸ್ವಚ್ಛವಾಗಿ ಬಂದಿದೆ.

ಒಂದು ತಿಂಗಳು ಏನೂ ಆಗಲಿಲ್ಲ. ಆಮೇಲೆ ನಾನು ಪಾಲಾರಿನವರಿಗೆ ಫೋನ್ ಮಾಡಿ, ಅಜ್ಜೀಪುರದ ಕಥೆ ಕೊಡುತ್ತೇನೆ, ನಿಮ್ಮ ಹಳೆಯ ಟೇಪಿನ ಕಥೆಗಳಲ್ಲಿ ಎರಡು ಕೊಡಿ ಅಂದೆ. ಅವರು ನಕ್ಕರು.

"ಅದು ವೇಂಡಾಮ್ಮಾ, ಬೇಡ. ಶಾಗ್ಯದ ಪೆರಿಯವರ್‌ಗೆ ಮರೆವು ಬಂದ್ಮೇಲೆ ಆಡಿದ್ದಲ್ವಾ, ಯಾರ್ ಕೇಳ್ತಾರೆ?" ಅಂದರು.

ಮಿಕ್ಕವರೂ ಹಾಗೇ ಅಂದರು. ಸೀಮೆಯಲ್ಲೆಲ್ಲ ಅದೇ ಮಾತು. ಅವರು ಸಾಯುವ ಮುಂಚೆ ಕಥೆ ಮರೆತಿದ್ದರು, ಪಾಪ, ಯಾರೂ ಹೇಳಲಿಲ್ಲ. ನನ್ನ ಕೈಯಲ್ಲಿದ್ದ ಒಂದೇ ಒಂದು ಚಿನ್ನದಂಥ ರೆಕಾರ್ಡು ಕಸವಾಯಿತು. ನನಗೆ ನಿದ್ದೆ ಬಾರದ್ದು ಇದಕ್ಕೆ. ಪಶ್ಚಾತ್ತಾಪ ಎಂದು ಬರೆದರೆ ಓದುವವರಿಗೆ ಹಿತವಾಗಿರುತ್ತದೆ, ಆದರೆ ನಾನು ಶಾಗ್ಯದ ಬಸ್ಸು ಹತ್ತಿದ್ದು ರೆಕಾರ್ಡಿನ ಮರ್ಯಾದೆ ಉಳಿಸಲು. ಅವಳು ಹಿರಿಯರ ಹತ್ತಿರ ಹೋಗಿ ಪೂರ್ತಿ ಕಥೆ ಸಿಕ್ಕಿತು ಎಂದು ಹೇಳಲಿ, ಮೊದಲು ಬಿಟ್ಟುಹೋದದ್ದು ಮೆಷಿನ್ನಿನ ತಪ್ಪು ಅಂತ ಎಲ್ಲರೂ ಅಂದುಕೊಳ್ಳಲಿ ಎಂದು ಲೆಕ್ಕ ಹಾಕಿದ್ದೆ.

ಅವಳು ಮನೆಯ ಮುಂದೆ ಕಲ್ಲಿನ ಮೇಲೆ ಕೂತು ಅವರೆಕಾಯಿ ಸುಲಿಯುತ್ತಿದ್ದಳು. ಬಿಸಿನೀರಿನಲ್ಲಿ ಅದ್ದಿ ಅದ್ದಿ ಬೆರಳ ತುದಿಗಳು ಬೆಳ್ಳಗೆ ಸುಕ್ಕಾಗಿದ್ದವು. ಹಾಡುತ್ತೀಯಾ ಎಂದು ಕೇಳಿದೆ. ಇಲ್ಲ ಅಂದಳು. ಪೂರ್ತಿ ಕಥೆ ಸಿಕ್ಕಿದೆ, ಆಗ ಮೆಷಿನ್ನಿನ ತೊಂದರೆಯಿಂದ ಸ್ವಲ್ಪ ಬಿಟ್ಟುಹೋಗಿತ್ತು ಎಂದು ಹೊಸ ಕಾರ್ಡು ಕೊಟ್ಟೆ. ಅವಳು ಕೈ ಒರೆಸಿಕೊಂಡು ಅದನ್ನು ಫೋನಿಗೆ ಹಾಕಿದಳು. ಆ ಜಾಗ ಹುಡುಕಲು ಅವಳಿಗೆ ಒಂದು ನಿಮಿಷವೂ ಬೇಕಾಗಲಿಲ್ಲ.

ಬಾಗಿಲ ಹೊರಗೆ ಕೂತು ದೇವರು ತಪ್ಪಾಯಿತು ಅನ್ನುವುದನ್ನು ಅವಳು ಅವತ್ತೇ ಮೊದಲ ಸಲ ಕೇಳಿದ್ದು. ಹನ್ನೆರಡು ನಿಮಿಷವೂ ಕೇಳಿದಳು. ಅಳಲಿಲ್ಲ. ಅವರ ದನಿ ಎಲ್ಲೂ ತಡವರಿಸುವುದಿಲ್ಲ, ಒಂದು ಮಾತೂ ಮರೆಯುವುದಿಲ್ಲ. ಮುಗಿದ ಮೇಲೆ ಅವಳು ಹಾಡನ್ನು ನಿಲ್ಲಿಸಿ, ತೊಡೆಯ ಮೇಲಿನ ಸಿಪ್ಪೆಗಳನ್ನು ಕೊಡವಿ, ನನ್ನ ಮುಖ ನೋಡಿದಳು. ಮೆಷಿನ್ನಿನ ಮಾತು ಎತ್ತಲೇ ಇಲ್ಲ.

"ಇದ್ರಲ್ಲಿ ಎಲ್ಲೆಲ್ಲಿ ಕತ್ರಿಸಿದ್ದೀರಿ?" ಎಂದು ಕೇಳಿದಳು.

"ಎಲ್ಲೂ ಇಲ್ಲಮ್ಮ. ಇದು ಪೂರ್ತಿ ಇದೆ."

"ಆವತ್ತೂ ಇಂಗೇ ಅಂದ್ರಿ."

ದೇವರಾಣೆ ಅಂದೆ. ಅಪ್ಪನ ಆಣೆ ಅನ್ನಲು ಹೊರಟು ಯಾರ ಅಪ್ಪ ಎಂದು ತಿಳಿಯದೆ ನಿಲ್ಲಿಸಿದೆ. ನಮ್ಮ ಮನೆಗೆ ಬಂದು ಮೂಲ ಪ್ರತಿಯನ್ನೇ ಕೇಳು ಅಂದೆ. ಅವಳು ಫೋನಿನಿಂದ ಕಾರ್ಡು ತೆಗೆದು ನನ್ನ ಅಂಗೈ ಮೇಲಿಟ್ಟಳು.

"ಅಪ್ಪ ಬುಟ್ಟಿದ್ ಯಾವ್ದು, ನೀವ್ ಕಿತ್ತಾಕಿದ್ ಯಾವ್ದು ಅಂತ ಇನ್ಮ್ಯಾಲೆ ನಂಗೆ ಗೊತ್ತಾಗಾಕಿಲ್ಲ ಕಣ್ರಿ. ತಕಂಡೋಗಿ."

ನಾನು ತೆಗೆದುಕೊಂಡು ಬಂದೆ.