ಹಸಿ ಕೈ

ನಾನು ನೇಕಾರರ ಸಂಘದಲ್ಲಿ ಕಾರಕೂನನಾಗಿದ್ದಾಗ ಬೆಟಗೇರಿಯ ಬಣ್ಣಗಾರನೊಬ್ಬ ನನ್ನ ತಲೆ ತಿಂದಿದ್ದ. ಅವನು ನೂಲಿಗೆ ಬಣ್ಣ ಹಾಕುವವನು. ನೇಯುವವರು ಶಿರಹಟ್ಟಿ, ಮುಂಡರಗಿ, ಲಕ್ಷ್ಮೇಶ್ವರದ ತಮ್ಮ ಮನೆಗಳಲ್ಲೇ ಇದ್ದರು. ಎಲ್ಲರನ್ನೂ ಫೋನಿನ ಒಂದು ಗುಂಪಿಗೆ ಸೇರಿಸುವ ಕೆಲಸ ನನ್ನದು. ಮೂರು ಆ್ಯಪ್ ಬದಲಿಸಿದೆ. ಯಾವುದು ತಂದರೂ ಅವನು ಗದ್ದದಿಂದ ಗುಂಡಿ ಒತ್ತಿ, ನಾಲ್ಕು ನಿಮಿಷ ಮಾತಾಡಿ, ಅದನ್ನೇ ಕಳಿಸುತ್ತಿದ್ದ.

"ಬರದು ಕಳಸಪಾ" ಎಂದರೆ, "ಕೈ ಹಸಿ ಅದಾವ್ರಿ" ಎಂಬ ಒಂದೇ ಉತ್ತರ.

ಮಾತಿನ ನಡುವೆ ಹೆಂಡತಿಗೆ ಚಹಾ ಕೇಳುವುದೂ ಬರುತ್ತಿತ್ತು. ಮುಂಡರಗಿಯ ನೇಯುವಾಕೆ, "ಚಾ ಬಂತೇನ್ರಿ ಮಾವಾ?" ಎಂದು ಚುಡಾಯಿಸುತ್ತಿದ್ದಳು.

ರೇಗಿ ನಾಲ್ಕನೆಯ ಆ್ಯಪ್ ತಂದೆ. ಅದರಲ್ಲಿ ಧ್ವನಿ ಕಳಿಸಲು ಬರುತ್ತಿರಲಿಲ್ಲ. ಅದೇ ಕಾರಣಕ್ಕೆ ಆರಿಸಿದ್ದೆ.

ಆ ವಾರ ಕೆಂಪು ನೂಲು ಬಣ್ಣ ಬಿಡುತ್ತಿತ್ತು. ಅವನು ನನಗೆ ಎರಡು ಸಲ ಫೋನ್ ಮಾಡಿದ. "ಏನಿದ್ರೂ ಗುಂಪಿನ್ಯಾಗ ಬರಿ" ಎಂದು, ಕೇಳದೆಯೇ ಇಟ್ಟುಬಿಟ್ಟೆ. ಶಿರಹಟ್ಟಿಯಲ್ಲಿ ಅದೇ ನೂಲಿನಿಂದ ಸೀರೆಗಳನ್ನು ನೇಯ್ದರು. ತೊಳೆದಾಗ ಸೆರಗಿನ ಕೆಂಪು ಬಿಳಿಯ ಒಡಲಿಗೆಲ್ಲ ಹರಡಿತು.

ಸಭೆಯಲ್ಲಿ ಅಧ್ಯಕ್ಷರು, "ಮೊದಲ ಯಾಕ ಹೇಳಲಿಲ್ಲ?" ಎಂದು ಅವನನ್ನು ಕೇಳಿದರು. ಅವನು ನನ್ನ ಕಡೆ ನೋಡಿದ.

"ಗುಂಪಿನ್ಯಾಗ ಏನೂ ಬಂದಿಲ್ರಿ" ಎಂದೆ ನಾನು.

ಅಷ್ಟು ಖರೆಯೇ. ಅವನ ಕೆಲಸ ಹೋಯಿತು.

ತಿಂಗಳಾದ ಮೇಲೆ ಗುಂಪಿನಲ್ಲಿ ಅವನು ಬರೆದ ಮೊದಲ ಸಾಲು ಬಂತು: "ಕೈ ಒಣಗ್ಯಾವ್ರಿ. ಏನ ಬರೀಲಿ ಹೇಳ್ರಿ."

ಓದಿದೆ. ಅವನ ಹೆಸರನ್ನು ಗುಂಪಿನಿಂದ ತೆಗೆದೆ.