ಹಣೆಗೆ ಹತ್ತಿದ ಉರಿ

ನಮ್ಮ ಸಭೆಗಳಲ್ಲಿ ಭಾನುವಾರ ಸಾಕ್ಷಿ ಹೇಳುವ ರೂಢಿಯಿದೆ. ದೇವರು ತಮಗೆ ಏನು ಮಾಡಿದನೆಂದು ಒಬ್ಬೊಬ್ಬರಾಗಿ ಎದ್ದು ನಿಂತು ಹೇಳುತ್ತಾರೆ. ಒಬ್ಬರಿಗೆ ಕನಸು ಬಿದ್ದಿರುತ್ತದೆ, ಇನ್ನೊಬ್ಬರಿಗೆ ದನಿ ಕೇಳಿರುತ್ತದೆ. ಹುಟ್ಟು ಕ್ರೈಸ್ತನಾದರೂ ನಾನು ಹಿಂದಿನ ಸಾಲಿನಲ್ಲಿ ಕೂತು ಮೀಸೆಯೊಳಗೇ ನಗುತ್ತಿದ್ದೆ. ಎಮ್ಮೆ ಈದಿದ್ದಕ್ಕೂ ದೇವದೂತನನ್ನು ಕರೆತರುವ ಜನ ಎಂದು ಅವ್ವನ ಮುಂದೆ ಹಂಗಿಸುತ್ತಿದ್ದೆ. "ನಗು, ನಗು. ನಿನಗೂ ಒಂದ್ ದಿನಾ ಬರತೈತಿ" ಅನ್ನುತ್ತಿದ್ದಳು. ಈಗ ಹೇಳಹೊರಟಿರುವುದು ಸಾಕ್ಷಿಯೋ ಅಲ್ಲವೋ ನೀವೇ ತೀರ್ಮಾನಿಸಿ. ನನಗಂತೂ ಬಗೆಹರಿದಿಲ್ಲ.

ಅವ್ವ ನಮ್ಮೂರು ಬ್ಯಾಡಗಿಯಲ್ಲಿ ಮೆಣಸಿನಕಾಯಿ ತುಂಬು ಬಿಡಿಸಲು ಹೋಗುತ್ತಿದ್ದಳು. ತುಂಬು ಅಂದರೆ ತೊಟ್ಟು. ಬ್ಯಾಡಗಿ ಕಾಯಿಗೆ ಬಣ್ಣ ಹೆಚ್ಚು, ಖಾರ ಕಡಿಮೆ ಎಂದು ಜನ ಹೇಳುತ್ತಾರೆ. ಹೇಳುವವರು ದಿನವಿಡೀ ಅದರ ರಾಶಿಯ ಮುಂದೆ ಕೂತಿರುವುದಿಲ್ಲ. ಹಂಗಾಮಿನಲ್ಲಿ ಎಷ್ಟು ತೊಳೆದರೂ ಅವ್ವನ ಅಂಗೈಯಿಂದ ಖಾರ ಹೋಗುತ್ತಿರಲಿಲ್ಲ. ಮಲಗುವ ಮುಂಚೆ ನನ್ನ ಹಣೆಯ ಮೇಲೆ ಕೈಯಿಟ್ಟು ಪ್ರಾರ್ಥಿಸುವುದು ಅವಳ ನೇಮ. ಚಿಕ್ಕಂದಿನಲ್ಲಿ ಒಮ್ಮೆ ಅಂಗೈ ತಾಗಿ, ಉರಿ ಕಣ್ಣಿಗಿಳಿದು, ಓಣಿಯೆಲ್ಲ ಕೂಡುವಂತೆ ಅತ್ತೆನಂತೆ. ಅಂದಿನಿಂದ ಅವಳು ಕೈ ಮಗುಚಿ, ಬೆರಳ ಗೆಣ್ಣುಗಳನ್ನಷ್ಟೇ ಹಣೆಗೆ ತಾಗಿಸಿ ಪ್ರಾರ್ಥಿಸತೊಡಗಿದಳು. ನಾನು ರಾಣೆಬೆನ್ನೂರಿನಲ್ಲಿ ಮಾಸ್ತರನಾದ ಮೇಲೂ, ಊರಿಗೆ ಹೋದಾಗಲೆಲ್ಲ ಅದೇ ಅಭ್ಯಾಸ. ಹಾಗೆ ಆಶೀರ್ವದಿಸುವವರನ್ನು ನಾನು ಬೇರೆಲ್ಲೂ ಕಂಡಿಲ್ಲ.

ಎರಡು ಸಾವಿರದ ಇಸವಿ ಕಳೆದು ಕೆಲವು ವರ್ಷಗಳಾಗಿದ್ದವು. ಅವ್ವ ತೀರಿಕೊಂಡ ಮರುವರ್ಷವೇ ನನ್ನ ಕುತ್ತಿಗೆಯಲ್ಲಿ ಗಡ್ಡೆ ಕಾಣಿಸಿತು. ಹುಬ್ಬಳ್ಳಿಯ ಡಾಕ್ಟರು ಆಪರೇಷನ್ ಮಾಡಲೇಬೇಕೆಂದರು. ತೆಗೆದ ಮೇಲೆಯೇ ಅದು ಎಂಥದೆಂದು ಗೊತ್ತಾಗುವುದು, ದನಿ ಹೋದರೂ ಹೋದೀತು ಎಂದರು. ನನಗೆ ಮದುವೆಯಾಗಿರಲಿಲ್ಲ, ಒಡಹುಟ್ಟಿದವರೂ ಇಲ್ಲ. ಜೊತೆಗೆ ಯಾರು ಬರುತ್ತಾರೆ ಎಂದು ನರ್ಸಮ್ಮ ಕೇಳಿದಾಗ ನನ್ನ ಹೆಸರನ್ನೇ ಇನ್ನೊಮ್ಮೆ ಹೇಳಿದೆ. ಎರಡು ಸಲ ಚೀಲ ಹಿಡಿದು ಹೊರಟು, ಹಾವೇರಿ ಬಸ್ ಸ್ಟ್ಯಾಂಡಿನಲ್ಲಿ ಹುಬ್ಬಳ್ಳಿ ಬಸ್ಸು ಹತ್ತಲಾರದೆ ವಾಪಸ್ ಬಂದೆ. ಕಾಲು ಏಳಲಿಲ್ಲ, ಅಷ್ಟೇ. ಮನೆಗೆ ಬಂದರೆ ಮಾತಾಡಲು ಗೋಡೆ. ನಿದ್ದೆ ಹೋಗಿತ್ತು. ಪ್ರಾರ್ಥನೆಗೆ ಕೂತರೆ ಬಾಯಿಪಾಠದ ಮಾತು ತಾನಾಗಿ ಬರುತ್ತಿತ್ತು, ಎದೆ ಮಾತ್ರ ಡವಡವ ಹೊಡೆದುಕೊಳ್ಳುತ್ತಿತ್ತು. ಇನ್ನು ತಡಮಾಡಿದರೆ ನಮ್ಮ ಕೈ ಮೀರುತ್ತದೆ ಎಂದು ಡಾಕ್ಟರು ಎಚ್ಚರಿಸಿದ್ದರು.

ಮೂರನೆಯ ಸಲ ಹೊರಟವನು ಹಾವೇರಿಗೆ ಹೋಗದೆ ಬ್ಯಾಡಗಿಯ ಬಸ್ಸು ಹತ್ತಿಬಿಟ್ಟೆ. ಮಳೆಗಾಲ. ಹಂಗಾಮು ಮುಗಿದು ಪೇಟೆ ಬಿಕೋ ಎನ್ನುತ್ತಿತ್ತು. ನಮ್ಮ ಸಭೆಯ ಪ್ರಾರ್ಥನೆ ಕೋಣೆಗೆ ಇರುವುದು ಒಂದೇ ಬಾಗಿಲು. ಅದರ ಕೀಲಿ ಎದುರು ಮನೆಯ ರೂತವ್ವನ ಹತ್ತಿರ ಇರುತ್ತಿತ್ತು. ಆಕೆ ಅವ್ವನ ಜೊತೆ ತುಂಬು ಬಿಡಿಸಿದವಳು, ನನಗೆ ದೊಡ್ಡವ್ವ.

"ಯಾಕ ತಮ್ಮಾ, ಮಾರಿ ಹಿಂಗ ಸಣ್ಣ ಮಾಡ್ಕೊಂಡಿ?" ಎಂದಳು.

"ಒಂದೀಟು ಒಳಗ ಕುಂದರ್ತೇನಿ ದೊಡ್ಡವ್ವ."

"ಕುಂದರ. ನಾ ಇಲ್ಲೇ ಕಟ್ಟಿ ಮ್ಯಾಲ ಜ್ವಾಳಾ ಹಸನ ಮಾಡ್ಕೋಂತ ಇರ್ತೇನಿ. ಬಾಗಲಾ ಮುಂದ ಮಾಡ್ಕೋ, ಸೊಳ್ಳಿ ಬರ್ತಾವ."

ಬಾಗಿಲು ಮುಂದೆ ಮಾಡಿ ಚಾಪೆಯ ಮೇಲೆ ಮೊಣಕಾಲೂರಿದೆ. ಹೊತ್ತು ಮುಳುಗುತ್ತಿತ್ತು. ಅಷ್ಟರಲ್ಲಿ ಕರೆಂಟೂ ಹೋಯಿತು. ಗೊತ್ತಿದ್ದ ಪ್ರಾರ್ಥನೆಗಳೆಲ್ಲ ಮುಗಿದು, ಕೊನೆಗೆ "ಕರ್ತನೇ, ನನಗ ಅಂಜಿಕಿ ಆಗತೈತಿ" ಎಂದಷ್ಟೇ ಅಂದೆ. ಅಷ್ಟು ಖರೇ ಮಾತನ್ನು ನಾನು ದೇವರ ಮುಂದೆ ಎಂದೂ ಆಡಿರಲಿಲ್ಲ. ಆಗ ಹಣೆಗೆ ಏನೋ ತಾಗಿತು. ಬೆರಳ ಗೆಣ್ಣುಗಳು. ಬೆಚ್ಚಗಿದ್ದವು. ಕಣ್ಣು ತೆರೆದರೆ ಹೋಗಿಬಿಡುತ್ತದೆಂದು ನಾನು ಕದಲಲಿಲ್ಲ. ಆಮೇಲೆ ಆ ಕೈ ನಿಧಾನವಾಗಿ ಹೊರಳಿ, ಇಡೀ ಅಂಗೈ ನನ್ನ ಹಣೆಯ ಮೇಲೆ ಕೂತಿತು.

ಎಷ್ಟು ಹೊತ್ತು ಇತ್ತೆಂದು ಹೇಳಲಾರೆ. ಎದೆಯ ಬಡಿತ ಇಳಿಯಿತು. ಗಡ್ಡೆ ವಾಸಿಯಾಗುತ್ತದೆ ಎಂಬ ಭರವಸೆಯೇನೂ ಬರಲಿಲ್ಲ. ಸತ್ತರೂ ಒಬ್ಬನೇ ಸಾಯುವುದಿಲ್ಲ ಎಂದು ಮಾತ್ರ ಖಾತ್ರಿಯಾಯಿತು. ಸಮಾಧಾನ ಎಂಬ ಮಾತನ್ನು ಸಭೆಯಲ್ಲಿ ಸಾವಿರ ಸಲ ಕೇಳಿದ್ದೆ. ಶಾಲೆಯಲ್ಲಿ ಅಳುವ ಮಕ್ಕಳಿಗೆ ನಾನೇ ಹೇಳಿದ್ದೆ. ಅದು ಹೀಗೆ ಮೈಗೆ ತಾಗುವಂಥದು ಎಂದು ಗೊತ್ತಿರಲಿಲ್ಲ.

ಹೊರಗೆ ಬಂದು, "ಒಳಗ ಬಂದಿದ್ದೇನು ದೊಡ್ಡವ್ವ?" ಎಂದು ಕೇಳಿದೆ.

"ನಾ ಯಾಕ ಬರ್ಲಿ? ಜ್ವಾಳದ ಮರಾ ತೊಡಿ ಮ್ಯಾಲಿಂದ ಇಳಿಸಿಲ್ಲ" ಎಂದಳು. ಆಮೇಲೆ ನನ್ನ ಮುಖ ನೋಡಿ ರೊಟ್ಟಿ ಬಡಿಯಲು ಎದ್ದಳು. ಆ ರಾತ್ರಿ ಅವಳ ಪಡಸಾಲೆಯಲ್ಲಿ ಕೂಸಿನ ಹಾಗೆ ಮಲಗಿದೆ.

ಬೆಳಿಗ್ಗೆ ಹಾವೇರಿ ಬಸ್ ಸ್ಟ್ಯಾಂಡಿನಲ್ಲಿ ಇಳಿದಾಗ ಜಿಟಿಜಿಟಿ ಮಳೆ. ಒದ್ದೆ ಹಣೆಯನ್ನು ಒರೆಸಿಕೊಂಡ ಕೈ ಕಣ್ಣಿಗೆ ಹೋಯಿತು. ಹೋದದ್ದೇ ತಡ, ಕಣ್ಣು ಭಗ್ಗೆಂದು ಉರಿದು ಬಳಬಳನೆ ನೀರು ಸುರಿಯತೊಡಗಿತು. ಪಕ್ಕದ ಬೆಂಚಿನಲ್ಲಿ ಕೂತಿದ್ದ ಹೆಂಗಸು, "ಯಾಕ್ರಿ ಅಣ್ಣಾರ, ಅಳಾಕತ್ತೀರಿ?" ಎಂದಳು.

"ಇಲ್ಲವ್ವ, ಕಣ್ಣಾಗ ಮೆಣಸಿನಕಾಯಿ ಖಾರ ಬಿದ್ದೈತಿ."

"ಈ ಮಳ್ಯಾಗ ಎಲ್ಲಿ ಮೆಣಸಿನಕಾಯಿರಿ?"

ಅಷ್ಟರಲ್ಲಿ ಹುಬ್ಬಳ್ಳಿ ಬಸ್ಸು ಬಂತು. ಹತ್ತಿದೆ. ಕಾಲು ತಕರಾರು ಮಾಡಲಿಲ್ಲ.

ಗಡ್ಡೆ ಕೆಟ್ಟದ್ದಾಗಿರಲಿಲ್ಲ. ದನಿ ಸ್ವಲ್ಪ ಒಡೆದಿದೆ, ಬೆನ್ನ ಹಿಂದೆ ಮಕ್ಕಳು ಅಣಕಿಸುತ್ತಾರೆ. ಈಗಲೂ ಒಬ್ಬನೇ ಇದ್ದೇನೆ, ಸಂಜೆಗಳು ಈಗಲೂ ಉದ್ದ. ಆದರೆ ಆ ಅಂಜಿಕೆ ಮತ್ತೆ ಬಂದಿಲ್ಲ. ಚಾಪೆಯಲ್ಲಿ ಖಾರದ ಧೂಳಿತ್ತೇನೋ ಎಂದು ಆಮೇಲೆ ಹೋಗಿ ಅದನ್ನು ಉಜ್ಜಿ ಕಣ್ಣಿಗೆ ಹಚ್ಚಿಕೊಂಡು ನೋಡಿದೆ. ಏನೂ ಆಗಲಿಲ್ಲ.

ರೂತವ್ವನಿಗೆ ಎಲ್ಲ ಹೇಳಿದಾಗ, "ನಿಮ್ಮವ್ವನ ಕೈನ ಅದು, ಮತ್ತ್ಯಾರದು?" ಎಂದಳು. ಪಾಸ್ಟರು ಮಾತ್ರ ತಲೆಯಾಡಿಸಿ, ತೀರಿಹೋದವರು ಬರುವುದಿಲ್ಲ, ಅದು ಕರ್ತನ ಕೈ, ಎದ್ದು ಸಾಕ್ಷಿ ಹೇಳು ಎಂದರು. ನಾನು ಇವತ್ತಿಗೂ ಎದ್ದಿಲ್ಲ. ಏನೆಂದು ಹೇಳಲಿ? ಅವ್ವನ ಕೈಯಾಗಿದ್ದರೆ ಅಂಗೈ ಇಡುತ್ತಿರಲಿಲ್ಲ. ನನಗೆ ಉರಿಯುತ್ತದೆಂದು ಸಾಯುವವರೆಗೂ ಅಂಜಿದವಳು ಅವಳು. ಕರ್ತನ ಕೈಯಾಗಿದ್ದರೆ, ಆ ಕೈಗೆ ಮೆಣಸಿನಕಾಯಿಯ ಖಾರ ಎಲ್ಲಿಂದ ಹತ್ತಿತು?