ಅಂಗಳದ ಮೂಗು

ರಾಸಾಯನಿಕ ಹೊತ್ತು ಊರೂರು ಸುತ್ತುವ ಟ್ಯಾಂಕರುಗಳನ್ನು ತೊಳೆಯುವ ಅಂಗಳ ಅದು. ಅಲ್ಲಿನ ಮೇಸ್ತ್ರಿಗೆ ಹೆತ್ತವರು ಇಟ್ಟ ಹೆಸರು ಹಾಜರಿ ಪುಸ್ತಕದಲ್ಲಷ್ಟೇ ಉಳಿದಿತ್ತು. ಎಲ್ಲರ ಬಾಯಲ್ಲೂ ಅವನು ಮೂಗಣ್ಣ.

ಸರ್ಕಾರದ ನಿಯಮ ಸ್ಪಷ್ಟವಾಗಿತ್ತು. ಟ್ಯಾಂಕರಿನ ಒಳಗೆ ಆಳು ಇಳಿಯುವ ಮುಂಚೆ ವಿಷಗಾಳಿ ಅಳೆಯುವ ಮೀಟರನ್ನು ಇಳಿಬಿಡಬೇಕು, ಅದು ತೋರಿಸಿದ್ದನ್ನು ಚೀಟಿಯಲ್ಲಿ ಬರೆದು ರುಜು ಹಾಕಬೇಕು. ಮೀಟರು ಮ್ಯಾನೇಜರ ಬೀರುವಿನಲ್ಲಿ ಬೆಚ್ಚಗಿತ್ತು. ತಪಾಸಣೆಯ ದಿನ ಮಾತ್ರ ಹೊರಗೆ ಬರುತ್ತಿತ್ತು. ಚೀಟಿಗಳಿಗೆ ಮೂಗಣ್ಣ ಸೋಮವಾರವೇ ವಾರಕ್ಕಾಗುವಷ್ಟು ರುಜು ಹಾಕಿಡುತ್ತಿದ್ದ. ಉಳಿದದ್ದು ಅವನ ಮೂಗಿನ ಕೆಲಸ. ಏಣಿ ಹತ್ತಿ, ಮೇಲಿನ ಬಾಯಿಗೆ ಮುಖವಿಟ್ಟು ಒಮ್ಮೆ ಉಸಿರೆಳೆದು, "ಇಳೀರಿ" ಅಂದರೆ ಇಳಿಯುವುದು, "ಇನ್ನೊಂದು ಸಲ ತೊಳೀರಿ" ಅಂದರೆ ತೊಳೆಯುವುದು. ಇಪ್ಪತ್ತಾರು ವರ್ಷ ಹೀಗೇ ನಡೆಯಿತು, ಒಬ್ಬನಿಗೂ ಏನೂ ಆಗಲಿಲ್ಲ.

ಒಂದು ಸಂಜೆ ಅವನು ಅಡುಗೆಮನೆಯಲ್ಲಿ ಕೂತು ಈರುಳ್ಳಿ ಸುಲಿಯುತ್ತಿದ್ದಾಗ ಹೆಂಡತಿ ಹೊರಗಿನಿಂದ ಓಡಿಬಂದಳು.

"ಅಯ್ಯೋ, ಗ್ಯಾಸ್ ವಾಸನೆ ಬಾಗಿಲಿಗೇ ಬಡೀತಿದೆ! ಒಲೆ ಪಕ್ಕದಲ್ಲೇ ಕೂತಿದೀರಲ್ಲಾ! ಊರಿಗೆಲ್ಲ ಮೂಗಣ್ಣ, ಮನೆಗೆ ಮಾತ್ರ ಮೂಗಿಲ್ಲ!"

"ನೆಗಡಿ ಕಣೇ" ಎಂದ.

ನೆಗಡಿಯಾಗಿರಲಿಲ್ಲ. ಮರುದಿನ ಸೀಮೆಎಣ್ಣೆ ಡಬ್ಬಿಗೆ ಮೂಗಿಟ್ಟ. ನೀರಿಗೆ ಇಟ್ಟ ಹಾಗಿತ್ತು.

ಅಂದೇ ಮ್ಯಾನೇಜರ ಮುಂದೆ ನಿಂತು, "ಸಾರ್, ಆ ಮೀಟರ್ ಕೊಡಿ" ಎಂದು ಕೇಳಿದ.

"ಯಾಕಪ್ಪಾ, ಮೂಗು ರಜಾ ಹಾಕಿದ್ಯಾ? ಹಾಗಾದ್ರೆ ಮೇಸ್ತ್ರಿನೂ ರಜಾ ಹಾಕಲಿ."

ಸುತ್ತಲಿದ್ದವರು ನಕ್ಕರು. ಮೂಗಣ್ಣನೂ ನಕ್ಕ. ನಿಜ ನಾಲಿಗೆಯ ತುದಿವರೆಗೆ ಬಂದು ವಾಪಸಾಯಿತು.

ಆಮೇಲೆ ಒಂದರ ಬದಲು ಮೂರು ಸಲ ತೊಳೆಸತೊಡಗಿದ. ಚಾಲಕರು ಗೊಣಗಿದರು. ಇನ್ನೊಂದು ಬದಲಾವಣೆಯನ್ನು ಮಾತ್ರ ಯಾರೂ ಗಮನಿಸಲಿಲ್ಲ. ಅವನ ಅಳಿಯನೂ ಅಲ್ಲೇ ತೊಳೆಯುವ ಆಳು. "ನೀನು ಮೇಲೆ ನಿಂತು ಪೈಪು ಹಿಡ್ಕೊ, ನಿನ್ನ ಕೈ ಗಟ್ಟಿ" ಎಂದು ಮೂಗಣ್ಣ ಅವನನ್ನು ಮೇಲೆಯೇ ನಿಲ್ಲಿಸಿಕೊಂಡ. ಒಳಗೆ ಇಳಿಯುವ ಪಾಳಿಯೆಲ್ಲ ಇನ್ನೊಬ್ಬ ಆಳು ಉದ್ದಣ್ಣನ ಪಾಲಾಯಿತು. ಉದ್ದಣ್ಣ ಒಂಟಿ ಮನುಷ್ಯ, ಮಾತಿಗೆ ಮುಂಚೆ ನಗುವವನು.

ಎರಡು ತಿಂಗಳು ಹೇಗೋ ಕಳೆಯಿತು. ಒಂದು ಮಧ್ಯಾಹ್ನ, ಮೂರು ಸಲ ತೊಳೆದ ಟ್ಯಾಂಕರಿನ ಬಾಯಿಗೆ ಮೂಗಣ್ಣ ಮುಖವಿಟ್ಟ. ಏನೂ ಇಲ್ಲ. ಆ ಇಲ್ಲ ಎಂಬುದು ಟ್ಯಾಂಕರಿನದೋ ತನ್ನದೋ ತಿಳಿಯಲಿಲ್ಲ.

"ಏನಣ್ಣಾ, ಒಳಗೆ ಅತ್ತರು ಪೂಸಿದಾರಾ? ಇಳೀಲಾ?" ಎಂದು ಉದ್ದಣ್ಣ ಕೇಳಿದ.

"ಇಳಿ."

ತಳದ ಗಸಿಯನ್ನು ಕೆರೆಯುವ ಸದ್ದು ನಾಲ್ಕು ಸಲ ಕೇಳಿತು. ಐದನೆಯದು ಕೇಳಲಿಲ್ಲ. ಅಳಿಯ ಪೈಪು ಬಿಸಾಡಿ ಒಳಗೆ ಧುಮುಕಲು ಹೋದಾಗ ಮೂಗಣ್ಣ ಅವನ ಸೊಂಟ ತಬ್ಬಿ ಹಿಡಿದ. ಹಗ್ಗ ತಂದು, ಕೊಕ್ಕೆ ಹಾಕಿ ಮೇಲೆಳೆಯುವಷ್ಟರಲ್ಲಿ ಉದ್ದಣ್ಣನ ಉಸಿರು ನಿಂತಿತ್ತು.

ಮರುದಿನ ವಿಚಾರಣೆಗೆ ಅಧಿಕಾರಿ ಬಂದಳು. ಅವಳ ಕೈಯಲ್ಲಿ ಚೀಟಿಯಿತ್ತು: ವಿಷಗಾಳಿ ಸೊನ್ನೆ, ಕೆಳಗೆ ಮೇಸ್ತ್ರಿಯ ರುಜು.

"ಮೀಟರ್ ಇಳಿಸಿದ್ರಂತೆ, ಸತ್ತವನದೇ ಅಜಾಗರೂಕತೆ ಅಂತಾರೆ ನಿಮ್ಮ ಮ್ಯಾನೇಜರು. ಹೌದಾ?"

ಮ್ಯಾನೇಜರು ಮೂಗಣ್ಣನನ್ನೇ ದಿಟ್ಟಿಸುತ್ತಿದ್ದ. ಹೌದು ಅಂದರೆ ಕೆಲಸ ಉಳಿಯುತ್ತದೆ, ತಪ್ಪು ಸತ್ತವನ ತಲೆಗೆ.

"ಇಲ್ಲಮ್ಮಾ. ಮೀಟರ್ ಇಳಿಸೋದೇ ಇಲ್ಲ, ನಾನು ಮೂಸಿ ಹೇಳ್ತಿದ್ದೆ. ನನ್ನ ಮೂಗು ಸತ್ತು ಎರಡು ತಿಂಗಳಾಯ್ತು. ಗೊತ್ತಿದ್ದೇ ಅವನನ್ನ ಇಳಿಸಿದೆ."

ಅಧಿಕಾರಿ ಬರೆದುಕೊಂಡು, ಸಾಕ್ಷಿ ಯಾರು ಎಂದು ಕೇಳಿದಳು. ಯಾರೂ ಮುಂದೆ ಬರಲಿಲ್ಲ. ಕೊನೆಗೆ ಅಳಿಯ ಬಂದ. ಎರಡು ತಿಂಗಳ ಲೆಕ್ಕ ಅವನ ತಲೆಯಲ್ಲಿ ಕೂಡಿಬಂದಿತ್ತು.

"ಮಾವ, ನನಗೆ ಪೈಪು ಕೊಟ್ಟಿದ್ದು ಅದಕ್ಕೇನಾ?"

ಮೂಗಣ್ಣ ಹೂಂಗುಟ್ಟಿದ.

"ಅದನ್ನೂ ಬರ್ಕೊಳ್ಳಿ ಮೇಡಂ" ಎಂದ ಅಳಿಯ. ಅವಳು ಬರೆದು ಮುಗಿಸುವವರೆಗೆ ಕಾದು, ಮಾವನ ಹೆಸರಿನ ಕೆಳಗೆ ರುಜು ಹಾಕಿದ.